ರಸ್ತೆ ಇನ್ನೂ ಕೌನ್ಸಿಲ್‌ಗೆ ಹಸ್ತಾಂತರ ಆಗಿಲ್ಲ, ಹೊಸ ಮನೆ ತಗೋಬಹುದಾ?

ನಾನೂ ನಮ್ಮ ಯಜಮಾನರೂ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಹತ್ತಿರದ ಹೊಸ ಎಸ್ಟೇಟಿನಲ್ಲಿ ಮೂರು ಬೆಡ್‌ರೂಮಿನ ಮನೆ ನೋಡಿದ್ದೇವೆ. ಫ್ರೀಹೋಲ್ಡ್, ಅಂದರೆ ಜಾಗವೂ ನಮ್ಮದೇ ಆಗುತ್ತೆ. ರಸ್ತೆ 'ಅಡಾಪ್ಟ್' ಆಗಿಲ್ಲ, ಅಂದರೆ ಕೌನ್ಸಿಲ್ ಅದನ್ನು ಇನ್ನೂ ವಹಿಸಿಕೊಂಡಿಲ್ಲ ಅಂತ ನಮ್ಮ ಸಾಲಿಸಿಟರ್ (ಮನೆ ಕಾಗದಪತ್ರ ನೋಡೋ ವಕೀಲರು) ಬರೆದಿದ್ದಾರೆ. ಸೇಲ್ಸ್ ಆಫೀಸಿನವರು, "ಹೊಸ ಎಸ್ಟೇಟಲ್ಲಿ ಇದು ಮಾಮೂಲು, ಎರಡು ವರ್ಷದಲ್ಲಿ ಆಗುತ್ತೆ" ಅಂತಾರೆ. ಇಂಥ ಕಡೆ ಮನೆ ತಗೊಂಡವರು ದಯವಿಟ್ಟು ಹೇಳಿ.

*

ಅಕ್ಕಾ, 2017ರಲ್ಲಿ ನಾವು ನಾರ್ತಾಂಪ್ಟನ್ ಕಡೆ ತಗೊಂಡಾಗಲೂ ಇದೇ ಮಾತು ಹೇಳಿದ್ದರು. ಆರು ವರ್ಷ ನಮ್ಮ ರಸ್ತೆಗೆ ಕೊನೇ ಪದರದ ಟಾರು ಬೀಳಲಿಲ್ಲ. ಮ್ಯಾನ್‌ಹೋಲ್ ಮುಚ್ಚಳಗಳು ಎರಡಿಂಚು ಮೇಲೆದ್ದು ನಿಂತಿದ್ದವು. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತಲ್ಲ, ಬೀದಿದೀಪ ಕೆಟ್ಟಿದ್ದ ಒಂದು ಸಂಜೆ ಮಗಳ ಪುಶ್‌ಚೇರ್ ಅಂಥದೊಂದು ಮುಚ್ಚಳಕ್ಕೆ ಬಡಿದು ಮುಂದಿನ ಚಕ್ರವೇ ಕಿತ್ತುಬಂತು. ಕೌನ್ಸಿಲ್‌ಗೆ ಫೋನ್ ಮಾಡಿದರೆ "ಆ ರಸ್ತೆ ನಮ್ಮದಲ್ಲ" ಅಂದರು, ಬಿಲ್ಡರ್ ಫೋನೇ ಎತ್ತಲಿಲ್ಲ. ಕೌನ್ಸಿಲ್ ಟ್ಯಾಕ್ಸ್ ಮಾತ್ರ ಮೊದಲ ದಿನದಿಂದ ಪೂರ್ತಿ ಕಟ್ಟಿದ್ದೇವೆ.

ಬೆಂಗಳೂರಲ್ಲಿ ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿಲ್ಲ ಅಂತ ಕೇಳಿರ್ತೀರಿ, ಹೆಚ್ಚುಕಡಿಮೆ ಅದೇ ಕಥೆ. ರಸ್ತೆಯನ್ನು ಕೌನ್ಸಿಲ್ ವಹಿಸಿಕೊಳ್ಳೋಕೆ ಬಿಲ್ಡರ್ ಜೊತೆ ಮಾಡಿಕೊಳ್ಳೋ ಒಪ್ಪಂದಕ್ಕೆ, ಅಂದರೆ 1980ರ ಹೈವೇಸ್ ಆ್ಯಕ್ಟಿನ ಸೆಕ್ಷನ್ 38ರ ಒಪ್ಪಂದಕ್ಕೆ, ಸಹಿ ಬಿದ್ದಿದೆಯಾ ಅಂತ ಕೇಳಿ. "ಮಾತುಕತೆ ನಡೀತಿದೆ" ಅಂದರೆ ಸಹಿ ಇಲ್ಲ ಅಂತಲೇ ಅರ್ಥ. ಬಾಂಡ್ ಇದೆಯಾ ಅಂತಲೂ ಕೇಳಿ. ಬಿಲ್ಡರ್ ಮುಳುಗಿದರೂ ಆ ದುಡ್ಡಲ್ಲಿ ರಸ್ತೆ ಮುಗಿಸಬಹುದು. ಚರಂಡಿಗೆ ಬೇರೆ ಒಪ್ಪಂದ, ನೀರಿನ ಕಂಪನಿ ಜೊತೆ, 1991ರ ವಾಟರ್ ಇಂಡಸ್ಟ್ರಿ ಆ್ಯಕ್ಟಿನ ಸೆಕ್ಷನ್ 104. ನಮ್ಮದು ಸಿಕ್ಕಿಹಾಕಿಕೊಂಡದ್ದೇ ಅಲ್ಲಿ. ಚರಂಡಿ ಪಾಸಾಗದೆ ರಸ್ತೆ ತಗೊಳ್ಳಲ್ಲ ಅಂತ ಕೌನ್ಸಿಲ್ ಪಟ್ಟು ಹಿಡಿಯಿತು.

ಒಪ್ಪಂದದ ನಕ್ಷೆಯನ್ನೂ ತರಿಸಿ, ನಿಮ್ಮ ಬಾಗಿಲ ಮುಂದಿನ ತುಂಡು, ಕೌನ್ಸಿಲ್‌ಗೆ ಹೋಗೋ ಭಾಗಕ್ಕೆ ಹಚ್ಚಿದ ಬಣ್ಣದ ಒಳಗಿದೆಯಾ ನೋಡಿ. ನಮ್ಮ ಪಕ್ಕದ ಐದು ಮನೆಗಳ ಮುಂದಿರೋದು ಪ್ರೈವೇಟ್ ಡ್ರೈವ್. ಅದು ಯಾವ ಕಾಲಕ್ಕೂ ಕೌನ್ಸಿಲ್‌ಗೆ ಹೋಗಲ್ಲ. ಪಾಪ, ಅವರಿಗೆ ಇದು ಗೊತ್ತಾಗಿದ್ದು ಮನೆಗೆ ಬಂದ ಮೇಲೆ.

ಬಿಲ್ಡರ್ ತೋರಿಸಿದ ಸಾಲಿಸಿಟರನ್ನು ಮಾತ್ರ ಹಿಡೀಬೇಡಿ.

*

ರಸ್ತೆ ವಿಷಯ ಮೇಲೆ ಸರಿಯಾಗಿ ಹೇಳಿದ್ದಾರೆ. ನಾನು ದುಡ್ಡಿನ ವಿಷಯ ಹೇಳ್ತೀನಿ. ಫ್ರೀಹೋಲ್ಡ್ ಅಂದ ಮಾತ್ರಕ್ಕೆ ವರ್ಷಾ ವರ್ಷಾ ಕಟ್ಟೋದೇನೂ ಇಲ್ಲ ಅಂದ್ಕೋಬೇಡಿ. ನಮ್ಮ ಎಸ್ಟೇಟ್ ಚಾರ್ಜ್, ಅಂದರೆ ಎಸ್ಟೇಟಿನ ಸಾಮಾನ್ಯ ಜಾಗಗಳ ನಿರ್ವಹಣೆಗೆ ವರ್ಷಾ ವರ್ಷಾ ಕಟ್ಟೋ ದುಡ್ಡು, 180 ಪೌಂಡಿಂದ ಶುರುವಾಗಿ ಈಗ 410ಕ್ಕೆ ಬಂದಿದೆ. 11 ದೊಡ್ಡ ಬಿಲ್ಡರ್‌ಗಳು 2021–22ರಲ್ಲಿ ಮಾರಿದ ಹೊಸ ಮನೆಗಳಲ್ಲಿ ನೂರಕ್ಕೆ 80ಕ್ಕೆ ಇಂಥ ಚಾರ್ಜ್ ಇತ್ತು ಅಂತ ಇಲ್ಲಿನ ಸ್ಪರ್ಧಾ ಪ್ರಾಧಿಕಾರ ಸಿಎಂಎ 2024ರ ಫೆಬ್ರವರಿ ವರದಿಯಲ್ಲೇ ಹೇಳಿದೆ.

ಮನೆ ನಿಮ್ಮ ಹೆಸರಿಗೆ ಮಾಡೋ ಟ್ರಾನ್ಸ್‌ಫರ್ ಪತ್ರದಲ್ಲಿ 'ರೆಂಟ್‌ಚಾರ್ಜ್' (ಈ ಚಾರ್ಜನ್ನು ಮನೆ ಮೇಲೇ ಹೊರಿಸೋ ಹಕ್ಕು) ಅನ್ನೋ ಪದ ಹುಡುಕಿ. ಇದ್ದರೆ, 1925ರ ಆಸ್ತಿ ಕಾಯ್ದೆಯ ಸೆಕ್ಷನ್ 121 ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ 40 ದಿನ ಬಾಕಿ ಉಳಿದರೂ ಸಾಕು, ಎಷ್ಟೇ ಸಣ್ಣ ಮೊತ್ತ ಆಗಿರಲಿ, ನಿಮ್ಮ ಮನೆ ಮೇಲೆ ಲೀಸ್ ಮಾಡೋ ಹಕ್ಕು ಆ ಚಾರ್ಜ್ ವಸೂಲಿ ಮಾಡೋರಿಗೆ ಬರುತ್ತೆ. ಸಾಲ ಕೊಡೋ ಬ್ಯಾಂಕಿನವರೂ ಇದಕ್ಕೆ ತಕರಾರು ತೆಗೀತಾರೆ.

ಕಳೆದ ವರ್ಷ ಮನೆ ಮಾರೋಕೆ ಹೋದಾಗ ಬಾಕಿ ಏನೂ ಇಲ್ಲ ಅನ್ನೋ ಸರ್ಟಿಫಿಕೇಟು ಬೇಕಾಯ್ತು. ಎಸ್ಟೇಟ್ ಚಾರ್ಜ್ ವಸೂಲಿ ಮಾಡೋ ಮ್ಯಾನೇಜ್‌ಮೆಂಟ್ ಕಂಪನಿ ಅದಕ್ಕೂ ಫೀಸ್ ತಗೊಂಡು ಏಳು ವಾರ ಕಾಯಿಸಿತು. ಕೊಳ್ಳೋಕೆ ಬಂದಿದ್ದವರು ಬಿಟ್ಟೇ ಹೋದರು.

*

ನಮ್ಮದು ನಾಲ್ಕನೇ ವರ್ಷಕ್ಕೆ ಅಡಾಪ್ಟ್ ಆಯ್ತು, ಹಾಗಾಗಿ ಆಗಲ್ಲ ಅಂತ ಹೇಳಲ್ಲ. ಸಹಿ, ಬಾಂಡ್ ಎರಡೂ ಮೊದಲೇ ಆಗಿತ್ತು.

ಒಂದು ಕೆಲಸ ಮಾಡಿ ಅಕ್ಕಾ. ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ ಆಗೋದಕ್ಕೆ (ಆಮೇಲೆ ಹಿಂದೆ ಸರಿಯೋಕಾಗಲ್ಲ) ಮುಂಚೆ, ಕಸದ ಲಾರಿ ಬರೋ ದಿನ ಬೆಳಿಗ್ಗೆ ಏಳಕ್ಕೆ ಆ ಎಸ್ಟೇಟಿಗೆ ಹೋಗಿ. ಮೊದಲು ಕಟ್ಟಿದ ಮನೆಗಳವರು ಬಿನ್ನುಗಳನ್ನ ಮನೆ ಮುಂದೆ ಇಟ್ಟಿದ್ದಾರಾ, ಇಲ್ಲ ಅಡಾಪ್ಟ್ ಆಗದ ರಸ್ತೆ ಒಳಗೆ ಲಾರಿ ಬರಲ್ಲ ಅಂತ ಮೂಲೆ ತನಕ ಎಳ್ಕೊಂಡು ಹೋಗ್ತಿದ್ದಾರಾ ನೋಡಿ. ಎಳ್ಕೊಂಡು ಹೋಗ್ತಿರೋರನ್ನ ನಿಲ್ಲಿಸಿ, ಎಷ್ಟು ವರ್ಷದಿಂದ ಅಂತ ಕೇಳಿ.