ಎಚ್‌ಎಸ್‌ಡಿ-ಎಂ ಸಿಗುತ್ತದೆ, ಆದರೆ ಎಸ್ ಇಲ್ಲ, ಆರ್ ಇಲ್ಲ. ಇದು ಟೈಪ್ 1 ಹೌದಾ?

ಪೆಟ್ರಿತಟ್ಟೆ: ಮೂರು ದಿನದಿಂದ ಇದರ ಮುಂದೆ ಕೂತು ತಲೆ ಕೆಟ್ಟುಹೋಗಿದೆ. ಒಂದು ಬ್ಯಾಕ್ಟೀರಿಯಾದ ರೆಸ್ಟ್ರಿಕ್ಷನ್ ಎಂಜೈಮ್‌ಗಳನ್ನೆಲ್ಲ (ಹೊರಗಿನ ಡಿಎನ್‌ಎ ಕತ್ತರಿಸುವವು) ಟೈಪ್ ಪ್ರಕಾರ ವಿಂಗಡಿಸುತ್ತಿದ್ದೇನೆ. ಒಂದು ಜೀನ್ ಮಾತ್ರ ಪ್ರತಿ ಸಲ ಎಚ್‌ಎಸ್‌ಡಿ-ಎಂ ಅಂತ, ಅಂದರೆ ಟೈಪ್ 1ರಲ್ಲಿ ಡಿಎನ್‌ಎಗೆ ಮಿಥೈಲ್ ಅಂಟಿಸುವ ಭಾಗ ಅಂತ, ಬರುತ್ತದೆ. ಇ-ವ್ಯಾಲ್ಯೂ (ಹೋಲಿಕೆ ಬರೀ ಕಾಕತಾಳೀಯವಾ ಅಂತ ಹೇಳುವ ಅಂಕಿ) ಚೆನ್ನಾಗಿದೆ. ಅಕ್ಕಪಕ್ಕ ಹುಡುಕಿದರೆ ಜೊತೆಗಿರಬೇಕಾದ ಎಸ್ (ಜಾಗ ಗುರುತಿಸುವುದು) ಇಲ್ಲ, ಆರ್ (ಕತ್ತರಿಸುವುದು) ಇಲ್ಲ. ನಾಳಿದ್ದು ಟೇಬಲ್ ಕೊಡಬೇಕು. ಏನು ತಪ್ಪಾಗಿದೆ?

ಕಾಂಟಿಗ್ ಕಾವಲು: ಅಸೆಂಬ್ಲಿ (ಡಿಎನ್‌ಎ ರೀಡ್‌ಗಳನ್ನು ಜೋಡಿಸಿ ಕಟ್ಟಿದ ಜೀನೋಮ್) ಒಡೆದಿದೆ, ಅಷ್ಟೇ. ಎಸ್ ಜೀನ್‌ನಲ್ಲಿ ಒಂದೇ ಥರದ ತುಣುಕುಗಳು ಮತ್ತೆ ಬರುತ್ತವೆ. ಶಾರ್ಟ್ ರೀಡ್‌ಗಳು ಅಲ್ಲೇ ಎಡವುತ್ತವೆ.

ಪೆಟ್ರಿತಟ್ಟೆ: ಲಾಂಗ್ ರೀಡ್ ಡೇಟಾ. ಜೀನೋಮ್ ಪೂರ್ತಿ ವೃತ್ತವಾಗಿ ಮುಚ್ಚಿದೆ.

ಕಾಂಟಿಗ್ ಕಾವಲು: ಹಾಗಾದರೆ ಫ್ರೇಮ್‌ಶಿಫ್ಟ್, ಒಂದೆರಡು ಬೇಸ್ ತಪ್ಪಿ ಜೀನ್ ಓದುವ ಸಾಲೇ ಜಾರಿದೆ. ಇನ್ನೊಂದು ಸಲ ಪಾಲಿಶ್ ಮಾಡಿ, ಅಂದರೆ ರೀಡ್‌ಗಳಿಂದ ತಪ್ಪು ತಿದ್ದಿ.

ಪೆಟ್ರಿತಟ್ಟೆ: ಎರಡು ಸಲ ಪಾಲಿಶ್ ಮಾಡಿದೆ. ಅದೇ ಉತ್ತರ.

ಎಳೆ ಎಣಿಸುವವ: ಮಿಥೈಲೇಶನ್ ಎರಡೂ ಎಳೆಗಳ ಮೇಲಿದೆಯಾ? ಒಂದೇ ಎಳೆ ಆದರೆ ಟೈಪ್ 3.

ಪೆಟ್ರಿತಟ್ಟೆ: ಒಂದೇ ಎಳೆ. ಮೊದಲೇ ಹೇಳಬೇಕಿತ್ತು, ಅಲ್ವಾ?

ಎಳೆ ಎಣಿಸುವವ: ಟೈಪ್ 3, ಸಂಶಯವೇ ಬೇಡ.

ಮೀನಿನಮೂಳೆ: ಟೈಪ್ 3 ಆದರೆ ಪಕ್ಕದಲ್ಲಿ ಹೆಲಿಕೇಸ್ ಡೊಮೇನ್ ಇರುವ ರೆಸ್ (ಕತ್ತರಿಸುವ) ಜೀನ್ ಬೇಕು. ಇಕೋಪಿ15-ಐ ಅನ್ನುವ ಟೈಪ್ 3 ಎಂಜೈಮ್ ನೋಡಿ, ಮಾಡ್ (ಮಿಥೈಲ್ ಅಂಟಿಸುವುದು) ಮತ್ತು ರೆಸ್ ಜೋಡಿಯಾಗಿವೆ. ಇಲ್ಲಿ ಅದು ಎಲ್ಲಿ? ಪ್ರೋಟೀನ್ ಉದ್ದ ಎಷ್ಟು ಅಂತ ಇನ್ನೂ ಯಾರೂ ಕೇಳಿಲ್ಲ.

ಪೆಟ್ರಿತಟ್ಟೆ: 1,014 ಅಮೈನೋ ಆಮ್ಲ.

ಮೀನಿನಮೂಳೆ: ಇ. ಕೋಲಿ ಕೆ-12ರ ಎಚ್‌ಎಸ್‌ಡಿ-ಎಂ ಇರುವುದೇ 529. ನಿಮ್ಮದು ಹೆಚ್ಚುಕಡಿಮೆ ಅದರ ಎರಡರಷ್ಟು! ಅಲೈನ್‌ಮೆಂಟ್ ಎಲ್ಲಿಂದ ಎಲ್ಲಿವರೆಗೆ?

ಪೆಟ್ರಿತಟ್ಟೆ: 318ರಿಂದ 640.

ಮೀನಿನಮೂಳೆ: ನೋಡಿ, ನಡುಭಾಗ ಮಾತ್ರ. ಅಲ್ಲಿರುವುದು ಅಡೆನಿನ್‌ಗೆ ಮಿಥೈಲ್ ಅಂಟಿಸುವ ಡೊಮೇನ್. ಎಚ್‌ಎಸ್‌ಡಿ-ಎಂನಲ್ಲೂ ಅಂಥದ್ದೇ ಇದೆ, ಅದಕ್ಕೇ ಆ ಹೆಸರು ಬರುತ್ತಿದೆ. ಕತ್ತರಿಸುವ ಭಾಗ ಮುಂದೆ, ಜಾಗ ಗುರುತಿಸುವ ಭಾಗ ಬಾಲದಲ್ಲಿ ಇರಬೇಕು. ಮೂರೂ ಕೆಲಸ ಒಂದೇ ಸರಪಳಿಯಲ್ಲಿ. ಇದು ಟೈಪ್ 2ಜಿ. ಎಂಎಂಇ-ಐ ಅನ್ನುವ ಎಂಜೈಮ್ ಹೀಗೇ ಇದೆ: 919 ಅಮೈನೋ ಆಮ್ಲ, ಮಿಥೈಲ್ ಒಂದೇ ಎಳೆಗೆ. ಮೊದಲ 150ರೊಳಗೆ ಪಿಡಿ-ಇಎಕ್ಸ್‌ಕೆ (ಕತ್ತರಿಸುವ ಭಾಗದ ಅಮೈನೋ ಆಮ್ಲ ಗುರುತು) ಹುಡುಕಿ.

ಎಳೆ ಎಣಿಸುವವ: ಟೈಪ್ 2 ಎಲ್ಲದರಲ್ಲೂ ಪಿಡಿ-ಇಎಕ್ಸ್‌ಕೆ ಇದ್ದೇ ಇರುತ್ತದೆ. ಅದನ್ನು ಹುಡುಕಿ ಏನು ಪ್ರಯೋಜನ?

ಮೀನಿನಮೂಳೆ: ಎಲ್ಲದರಲ್ಲೂ ಇಲ್ಲ. ಕೆಪಿಎನ್-ಐ ಅನ್ನುವ ಟೈಪ್ 2 ಎಂಜೈಮ್ ಎಚ್‌ಎನ್‌ಎಚ್ ಅನ್ನುವ ಬೇರೆ ಕುಟುಂಬದ್ದು. 2004ರಲ್ಲಿ ಅದನ್ನು ತೋರಿಸಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿಯ ನಾಗರಾಜ ಅವರ ತಂಡ. ಟೈಪ್ 2 ಅನ್ನುವುದು ಒಂದೇ ವಂಶ ಅಲ್ಲ, ಕೆಲಸ ನೋಡಿ ಕೊಟ್ಟ ಹೆಸರು.

ಕಾಂಟಿಗ್ ಕಾವಲು: ಹಾಗಾದರೆ ಎ, ಬಿ, ಜಿ ಅಂತ ಅಕ್ಷರ ಯಾಕೆ? ಸುಮ್ನೆ ಗೊಂದಲ.

ಮೀನಿನಮೂಳೆ: 2003ರ ನಾಮಕರಣದಲ್ಲೇ ಒಂದು ಎಂಜೈಮ್ ಎರಡು ಗುಂಪಿಗೆ ಸೇರಬಹುದು. ಬಿಸಿಜಿ-ಐ ಎಂಜೈಮ್ ತಾನು ಗುರುತಿಸುವ ಜಾಗದ ಎರಡೂ ಬದಿ ಕತ್ತರಿಸುತ್ತದೆ, ಹಾಗಾಗಿ ಬಿ. ಆರ್ ಮತ್ತು ಎಂ ಒಂದೇ ಸರಪಳಿಯಲ್ಲಿವೆ, ಹಾಗಾಗಿ ಜಿ ಕೂಡ. ಟೇಬಲ್‌ನಲ್ಲಿ ಎರಡಕ್ಕೂ ಕಾಲಂ ಇಟ್ಟುಕೊಳ್ಳಿ.

ಪೆಟ್ರಿತಟ್ಟೆ: ಸಿಕ್ಕಿತು! 72ನೇ ಜಾಗದಲ್ಲಿ ಡಿ, ಸ್ವಲ್ಪ ಮುಂದೆ ಇ, ಒಂದು ಬಿಟ್ಟು ಕೆ. ನಡುವಿನಲ್ಲಿ ಮಿಥೈಲ್ ಅಂಟಿಸುವ ಭಾಗದ ಗುರುತು ಎನ್‌ಪಿಪಿವೈ ಕೂಡ ಇದೆ. ತುಂಬ ಥ್ಯಾಂಕ್ಸ್. ಆದರೆ ಅದೇ ಫೈಲ್‌ನಲ್ಲಿ ಇನ್ನೊಂದು ಇದೆ, 690 ಅಮೈನೋ ಆಮ್ಲ. ನಡುಭಾಗ, ಬಾಲ ಎರಡೂ ಸರಿ ಇವೆ, ಮುಂದಿನ ತುಂಡು ಮಾತ್ರ ಇಲ್ಲ. ಇದು ಇ. ಕೋಲಿಯ ಡ್ಯಾಮ್ ಥರ, ಕತ್ತರಿಸುವ ಜೊತೆ ಇಲ್ಲದ ಒಂಟಿ ಮಿಥೈಲೇಸಾ?

ಕಾಂಟಿಗ್ ಕಾವಲು: ಈಗಲಾದರೂ ಫ್ರೇಮ್‌ಶಿಫ್ಟ್ ಅಂತ ಒಪ್ಪಿಕೊಳ್ಳಿ.

ಮೀನಿನಮೂಳೆ: ಈ ಸಲ ನೀವು ಹೇಳುವುದು ಸರಿ ಇರಬಹುದು. ಪೆಟ್ರಿತಟ್ಟೆ, ಆ ಜೀನ್ ಶುರುವಾಗುವುದಕ್ಕೆ ಹಿಂದಿನ 1,000 ಬೇಸ್ ಇಲ್ಲಿ ಹಾಕಿ. ಸ್ಟಾಪ್ ಕೋಡಾನ್ ಎಲ್ಲಿ ಕೂತಿದೆ ನೋಡೋಣ.