ಮಂದ್ಯಾಗ ಬರಿಮೈಲಿ ನಿಂತ ಕನಸು: ಡಾಕ್ಟರಿಗೆ ಕೇಳ್ರಿ

ಅಡ್ಮಿನ್: ಈ ವಾರದ ಪ್ರಶ್ನೋತ್ತರ ಮನೋವೈದ್ಯರ ಜೋಡಿ. ಬಾಳ ಮಂದಿ ಕೇಳಿದ್ದು ಒಂದೇ, ಜನರ ನಡುವೆ ಮೈಮೇಲೆ ಬಟ್ಟೆ ಇಲ್ಲದೆ ನಿಂತಂಗ ಬೀಳೋ ಕನಸು. ವಯಸ್ಸು, ಕನಸು ಬೀಳೋ ಹೊತ್ತು, ತಗೋಳೋ ಗುಳಿಗಿ ಬರೀರಿ. ಹೆಸರು, ಫೋನ್ ನಂಬರ್ ಹಾಕಬ್ಯಾಡ್ರಿ.

ಸೇಡಂ ಸದಸ್ಯ: ಸರ್, ಶರಣಬಸಪ್ಪನ ಜಾತ್ರ್ಯಾಗ ತೇರಿನ ಮುಂದ ಧೋತರ ಇಲ್ಲದೆ ನಿಂತಂಗ ಕನಸು. ಸುತ್ತಲಿನವರು ಯಾರೂ ತಿರುಗಿ ನೋಡಲ್ಲ. ಏನ್ ಅರ್ಥ?

ಡಾಕ್ಟರ್: ಯಾರೂ ನೋಡಲಿಲ್ಲ ಅಂದಿರಲ್ಲ, ಅದನ್ನೇ ಹಿಡಿಯಬೇಕು. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ 1900ರಲ್ಲೇ ಇದನ್ನು ಬರೆದಿದ್ದ: ಕನಸು ಕಾಣುವವನು ನಾಚಿಕೆಯಿಂದ ಹಿಡಿಯಾಗಿರುತ್ತಾನೆ, ಓಡಬೇಕೆಂದರೆ ಕಾಲು ಏಳುವುದಿಲ್ಲ, ಸುತ್ತಲಿನವರಿಗೆ ಮಾತ್ರ ಪರಿವೆಯೇ ಇರುವುದಿಲ್ಲ. ಚಿಕ್ಕಂದಿನಲ್ಲಿ ಬರಿಮೈಯಲ್ಲಿ ಓಡಾಡಿದ ಖುಷಿಯ ಆಸೆ ಮರಳುತ್ತದೆ ಎಂಬುದು ಅವನ ವಾದ. ವಾದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ, ಆದರೆ ಅವನು ಕಂಡದ್ದು ಸುಳ್ಳಲ್ಲ. ಅವನ ಕಾಲದ ಇನ್ನೊಬ್ಬ ಮನೋವೈದ್ಯ ಯೂಂಗ್ ಕಡೆಯವರು ಬಟ್ಟೆಯನ್ನು ಮಂದಿಗೆ ತೋರಿಸುವ ಮುಖವಾಡ ಅಂತಾರೆ. ನಾನು ಕೇಳುವುದು ಇಷ್ಟು: ಆದದ್ದು ನಾಚಿಕೆಯೋ, ಭಯವೋ, ಏನೂ ಇಲ್ಲವೋ? ನೋಡಿದವರು ಯಾರು? ಹಿಂದಿನ ಎರಡು ಮೂರು ದಿನದಲ್ಲಿ ಯಾವುದಾದರೂ ಬಯಲಾಗುವ ಅಂಜಿಕೆ ಇತ್ತೇ? ಹೊಸ ನೌಕರಿ, ಇಂಟರ್‌ವ್ಯೂ, ಮನೆಯವರಿಗೆ ಹೇಳದ ಸಾಲ, ಹೀಗೆ. ಎಲ್ಲರಿಗೂ ಒಂದೇ ಅರ್ಥ ಕೊಡುವ ಪಟ್ಟಿ ಇಲ್ಲ. ಅಪರೂಪಕ್ಕೆ ಬಿದ್ದು, ಚಹಾ ಕುಡಿಯುವಷ್ಟರಲ್ಲಿ ಮರೆತು ಹೋದರೆ ಬಿಟ್ಟುಬಿಡಿ.

ಚಿತ್ತಾಪುರ ಸದಸ್ಯ: ಇಂಥ ಕನಸು ಬಿದ್ರ ಮಾನ ಹೋಗತದ ಅಂತಾರಲ್ರಿ?

ಡಾಕ್ಟರ್: ಇಲ್ಲ.

ಹುಮನಾಬಾದ್ ಸದಸ್ಯ: ವಯಸ್ಸು 26, ಕೆಪಿಎಸ್‌ಸಿ ತಯಾರಿ. ಪರೀಕ್ಷಾ ಹಾಲಿನ್ಯಾಗ ಅಂಗಿ ಚಡ್ಡಿ ಇಲ್ಲದೆ ಕುಂತಂಗ, ವಾರಕ್ಕ ಮೂರ್ನಾಲ್ಕು ಸಲ, ನಸುಕಿನ್ಯಾಗ.

ಡಾಕ್ಟರ್: ಕಣ್ಣುಗುಡ್ಡೆ ಸರಸರ ಆಡುವ ನಿದ್ದೆ ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ, ಬೆಳಗಾಗುತ್ತ ಉದ್ದವಾಗುತ್ತದೆ. ಅಲಾರಾಂ ಅದರ ನಡುವೆಯೇ ಎಬ್ಬಿಸುವುದರಿಂದ ಕನಸು ಪೂರಾ ನೆನಪಿರುತ್ತದೆ. ಹಗಲು ಹೊತ್ತು ಕನಸನ್ನು ಹಾಳೆಯ ಮೇಲೆ ಬರೆಯಿರಿ. ಒಂದು ಕಡೆ ಬದಲಿಸಿ. ಹಾಲಿನ ಬಾಗಿಲಲ್ಲಿ ಶಾಲು ಸಿಕ್ಕಿತು, ಹೊದ್ದು ಕೂತು ಉತ್ತರ ಬರೆದೆ ಎಂದಿರಲಿ. ಹೊಸದನ್ನು ಮಾತ್ರ ದಿನಾ 10ರಿಂದ 20 ನಿಮಿಷ ಕಣ್ಣು ಮುಚ್ಚಿ ಮನಸ್ಸಿನಲ್ಲಿ ನಡೆಸಿ, ಎರಡು ಮೂರು ವಾರ. ಎಡವಟ್ಟಾಗುವುದು ಎಲ್ಲಿ ಅಂದರೆ, ಬಹಳ ಮಂದಿ ಹಳೇ ಕನಸನ್ನೇ ದಿನಾ ಓದುತ್ತ ಕೂರುತ್ತಾರೆ. ಅದು ಅಂಜಿಕೆಯ ಅಭ್ಯಾಸ.

ಶಹಾಬಾದ್ ಸದಸ್ಯ: ಫಾರ್ವರ್ಡ್ ಬಂದದ, ಎಲ್ಲರಿಗೂ ಉಪಯೋಗ: ಒಂದು ಜಾಯಿಕಾಯಿ ಪೂರಾ ತೇಯ್ದು ಹಾಲಿನ್ಯಾಗ ಕುಡೀರಿ, ತಲದಿಂಬಿನ ಕೆಳಗ ಕಬ್ಬಿಣದ ಕುಡಗೋಲು ಇಡ್ರಿ. ಕೆಟ್ಟ ಕನಸು ಬಂದ್.

ಡಾಕ್ಟರ್: ಯಾರೂ ಮಾಡಬೇಡಿ. ಜಾಯಿಕಾಯಿ 5 ಗ್ರಾಂ ದಾಟಿದರೆ ವಿಷ, ಒಂದು ಕಾಯಿಯೇ ಹೆಚ್ಚುಕಡಿಮೆ ಅಷ್ಟು ತೂಗುತ್ತದೆ. ಎದೆ ಡವಡವ, ಬಾಯಿ ಒಣಗುವುದು, ಇಲ್ಲದ್ದು ಕಾಣುವುದು. ಪರಿಣಾಮ ಕೆಲವು ಗಂಟೆ ತಡವಾಗಿ ಶುರುವಾಗುತ್ತದೆ. ‘ಹತ್ತಲಿಲ್ಲ’ ಅಂತ ಅಷ್ಟರಲ್ಲಿ ಇನ್ನೊಂದು ಕಾಯಿ ತೇಯ್ದಿರುತ್ತಾರೆ.

ಶಹಾಬಾದ್ ಸದಸ್ಯ: ಕುಡಗೋಲಿಗೆ ಏನ್ ಆಗತದ್ರಿ?

ಬಸವಕಲ್ಯಾಣ ಸದಸ್ಯ: ಫ್ರಾಯ್ಡ್ ಯಾಕ್ರಿ ಬೇಕು? ಅಕ್ಕಮಹಾದೇವಿ ಬಟ್ಟಿ ಬಿಟ್ಟೇ ಕಲ್ಯಾಣಕ್ಕ ಬಂದಾಕಿ. ನಮ್ಮಲ್ಲಿ ಬತ್ತಲೆ ಅಂದ್ರ ವೈರಾಗ್ಯ.

ಬೀದರ್ ಸದಸ್ಯೆ: ಹಂಗಾದ್ರ ಕೂದಲಿಂದ ಮೈ ಯಾಕ ಮುಚ್ಚಿದಿ ಅಂತ ಅಲ್ಲಮಪ್ರಭು ಯಾಕ ಕೇಳಿದ್ರು? ಅಕ್ಕ ತಾನಾಗೇ ಬಿಟ್ಟಾಕಿ. ಕನಸಿನ್ಯಾಗ ಬಟ್ಟಿ ಕಳೀತದ. ಎರಡೂ ಒಂದೇ ಹ್ಯಾಂಗ್ರಿ?

ಬಸವಕಲ್ಯಾಣ ಸದಸ್ಯ: ಅಕ್ಕನ ಬಗ್ಗೆ ಓದಿ ಬರ್ರಿ ಮೊದಲು.

ಬೀದರ್ ಸದಸ್ಯೆ: ಓದೇ ಬರದೀನಿ. ನೀವು ಫಾರ್ವರ್ಡ್ ಓದಿ ಬಂದೀರಿ.

ಡಾಕ್ಟರ್: ಬೀದರಿನವರ ಭೇದ ಸರಿ. ತಾನೇ ಬಿಟ್ಟದ್ದೋ, ಕಳೆದದ್ದೋ, ಯಾರೋ ಕಿತ್ತುಕೊಂಡದ್ದೋ? ಕಿತ್ತುಕೊಂಡದ್ದು ಪದೇ ಪದೇ ಬಿದ್ದರೆ ನಾನು ಹೆಚ್ಚು ವಿಚಾರಿಸುತ್ತೇನೆ. ಉಳಿದ ಜಗಳ ಬೇರೆ ಕಡೆ ಆಡಿ.

ಯಾದಗಿರಿ ಸದಸ್ಯೆ: ಬಸುರಿ ಹೆಂಗಸರಿಗೂ ಇಂಥ ಕನಸು ಬೀಳತಾವೇನ್ರಿ?

ಜೇವರ್ಗಿ ಸದಸ್ಯ: ನಮ್ಮಪ್ಪಗ 63. ಯಾರೋ ಧೋತರ ಎಳದಂಗ ಕನಸು, ‘ಬಿಡಲೇ’ ಅಂತ ಒದರ್ತಾರ, ಕಾಲಿಲೆ ಒದೀತಾರ. ಹೋದ ತಿಂಗಳು ಅವ್ವನ ಹುಬ್ಬಿಗೆ ಪೆಟ್ಟಾತು. ನಸುಕಿನ 3, 4ಕ್ಕೇ ಹೆಚ್ಚು. ಎಬ್ಬಿಸಿದ್ರ ಎಚ್ಚರಾಗಿ ಕನಸು ಪೂರಾ ಹೇಳ್ತಾರ. ಕುಡಗೋಲು ಇಟ್ಟೇವಿ, ಫರಕ್ ಇಲ್ಲ.

ಡಾಕ್ಟರ್: ಮೊದಲು ಎದ್ದು ಹೋಗಿ ಆ ಕುಡಗೋಲು ತೆಗೆದು ಬನ್ನಿ. ಆಮೇಲೆ ಮುಂದೆ ಓದಿ. ನಿದ್ದೆಯಲ್ಲಿ ಕೈ ಬೀಸುವ ಮನುಷ್ಯನ ತಲೆಯ ಕೆಳಗೆ ಅಲಗು! ಶಹಾಬಾದಿನವರಿಗೆ ಉತ್ತರ ಸಿಕ್ಕಿತೇ?

ಇಲ್ಲಿ ಕನಸಿನ ಅರ್ಥ ಹುಡುಕಬೇಡಿ. ಕನಸಿನ ಹೊತ್ತಿಗೆ ಮಿದುಳಿನ ಕಾಂಡ ಕೈಕಾಲಿನ ಸ್ನಾಯುಗಳನ್ನು ಸಡಿಲ ಬಿಟ್ಟು ಕಟ್ಟಿಹಾಕಿರುತ್ತದೆ, ಅದಕ್ಕೇ ನಾವು ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲೇ ಇರುತ್ತೇವೆ. ಆ ಕಟ್ಟು ಬಿಚ್ಚಿದರೆ ಹೀಗಾಗುತ್ತದೆ, 50 ದಾಟಿದ ಗಂಡಸರಲ್ಲಿ ಹೆಚ್ಚು. ಕೆಲವರಲ್ಲಿ ಇದು ಕೈ ನಡುಗಿ, ನಡೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆಗೆ ವರ್ಷಗಟ್ಟಲೆ ಮುಂಚಿನ ಸೂಚನೆ, ಹಾಗಾಗಿ ಬಿಡುವಂತಿಲ್ಲ. ಅದರ ಬೇರೆ ಸೂಚನೆಗಳನ್ನೂ ಗಮನಿಸಿ: ಇಂಗಿನ ವಾಸನೆ ತಿಳಿಯುತ್ತದೆಯೇ? ಮಲಬದ್ಧತೆ ಹಳೆಯದೇ? ಸಹಿಯ ಅಕ್ಷರ ಸಣ್ಣದಾಗುತ್ತಿದೆಯೇ? ನಡೆಯುವಾಗ ಒಂದು ಕೈ ಬೀಸುವುದು ಕಡಿಮೆಯಾಗಿದೆಯೇ? ಅಪ್ಪನ ಮುಂದೆ ಈ ಕಾಯಿಲೆಯ ಹೆಸರು ಎತ್ತಬೇಡಿ.

ಇವತ್ತು ರಾತ್ರಿಯಿಂದಲೇ ಮಂಚ ಬಿಟ್ಟು ಗಾದಿ ನೆಲಕ್ಕೆ, ಗೋಡೆಯಿಂದ ಮೂರು ಅಡಿ ದೂರ. ತಾಮ್ರದ ಚೊಂಬು, ಟ್ರಂಕು ಹತ್ತಿರ ಇರಬಾರದು. ಅವ್ವ ಬೇರೆ ಕಡೆ ಮಲಗಲಿ. ಅಪ್ಪ ಒದೆಯುವಾಗ ಹಿಡಿಯಲು ಹೋಗಬೇಡಿ, ದೂರದಿಂದ ಹೆಸರು ಹಿಡಿದು ಕರೆಯಿರಿ. ನಾಲಿಗೆ ಕಚ್ಚಿಕೊಂಡರೆ, ಮೂತ್ರ ಹೋದರೆ, ಎದ್ದ ಮೇಲೂ ಗಲಿಬಿಲಿ ಇದ್ದರೆ ಅದು ಮೂರ್ಛೆರೋಗ (ಫಿಟ್ಸ್) ಇರಬಹುದು. ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಇಡೀ ರಾತ್ರಿ ನಿದ್ದೆಯ ಪರೀಕ್ಷೆ ಬೇಕು, ಗೊರಕೆಯಲ್ಲಿ ಉಸಿರು ಕಟ್ಟುವವರೂ ಹೀಗೇ ಒದೆಯುತ್ತಾರೆ. ಅಂಗಡಿಯಿಂದ ಕ್ಲೋನಾಜೆಪಾಮ್ ಎಂಬ ಮಂಪರಿನ ಗುಳಿಗೆ ತಂದು ಕೊಡಬೇಡಿ, ಉಸಿರು ಕಟ್ಟುವವರಿಗೆ ಅದು ಅಪಾಯ.

ಅಫಜಲಪುರ ಸದಸ್ಯ: ಸರ್ ಬಟ್ಟಿ ಇಲ್ಲದ ಕನಸಿನ ಅರ್ಥ ಏನ್ರಿ?

ಡಾಕ್ಟರ್: ಮೇಲೆ ಓದಿ.

ಸುರಪುರ ಸದಸ್ಯೆ: ಮಗಳಿಗೆ 13. ವ್ಯಾನಿನ್ಯಾಗ ಯಾರೋ ಬಟ್ಟಿ ಕಸದಂಗ ಕನಸು, ದಿನಾ. ಸಾಲಿಗಿ ಒಲ್ಲೆ ಅಂತಾಳ.

ಡಾಕ್ಟರ್: ಅಕ್ಕಾ, ಇಲ್ಲಿ ಇನ್ನು ಬರೆಯಬೇಡಿ, ನನಗೆ ಖಾಸಗಿಯಾಗಿ ಬರೆಯಿರಿ. ನಾಳೆ ಆ ವ್ಯಾನಿಗೆ ಕಳಿಸಬೇಡಿ. ಬೈಯಬೇಡಿ, ಕೆದಕಿ ಕೇಳಬೇಡಿ. ಅವಳಾಗಿ ಹೇಳಿದರೆ ಅವಳ ಮಾತಿನಲ್ಲೇ ಬರೆದಿಡಿ. ರಾತ್ರಿ ಸಹಾಯ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098.

ಶಹಾಬಾದ್ ಸದಸ್ಯ: ವ್ಯಾನಿನವನಿಗೆ ಸುಮ್ಮ ಸಂಶಯ ಪಡೋದು ತಪ್ಪು. ಹುಡುಗ್ರು ಮೊಬೈಲ್ ನೋಡಿ…

ಬೀದರ್ ಸದಸ್ಯೆ: ನೀವು ಜಾಯಿಕಾಯಿ ತೇಯ್ಕೋತ ಕೂಡ್ರಿ.

ಚಿತ್ತಾಪುರ ಸದಸ್ಯ: ಹಂಗಾದ್ರ ಸಾಲ ಆಗತದ ಅನ್ನೋದು?

ಅಡ್ಮಿನ್: ಹೊಸ ಪ್ರಶ್ನೆ ಸಾಕ್ರಿ.

ಜೇವರ್ಗಿ ಸದಸ್ಯ: ಕುಡಗೋಲು ತೆಗದೆ ಸರ್. ಆರು ತಿಂಗಳಿಂದ ಕಾಲುರಿಗೆ ಅಪ್ಪಗ ಅಮಿಟ್ರಿಪ್ಟಿಲಿನ್ ಗುಳಿಗಿ ಕೊಟ್ಟಾರ. ನಿಲ್ಲಸ್ಲ್ಯಾ?

ಡಾಕ್ಟರ್: ನೀವಾಗಿ ನಿಲ್ಲಿಸಬೇಡಿ. ಆದರೆ ಆ ಗುಳಿಗೆ ಇದನ್ನು ಕೆದಕಬಹುದು. ಒದೆಯುವುದು ಗುಳಿಗೆಗೆ ಮುಂಚೆ ಇತ್ತೋ, ಆಮೇಲೆ ಶುರುವಾಯಿತೋ ಅವ್ವನನ್ನು ಕೇಳಿ ತಾರೀಖಿನ ಸಮೇತ ಬರೆದುಕೊಳ್ಳಿ. ಚೀಟಿ, ಗುಳಿಗೆಯ ಪಟ್ಟಿ, ನಸುಕಿನ ಎರಡು ರಾತ್ರಿಯ ಮೊಬೈಲ್ ವಿಡಿಯೋ ತಜ್ಞರಿಗೆ ತೋರಿಸಿ. ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋಗಿ, ರಾತ್ರಿ ಆದದ್ದು ಅವರಿಗೇ ಗೊತ್ತು.