ಗ್ರೀನ್ ರಿವರ್ ಹಂತಕ ಅಷ್ಟು ವರ್ಷ ಸಿಕ್ಕಿಬೀಳದೆ ಇದ್ದದ್ದು ಹೇಗೆ?

ಸಹನಾ_ಹಾಸನ:
ಗ್ರೀನ್ ರಿವರ್ ಹಂತಕ ಅಂತ ಕರೆಯೋ ಅಮೆರಿಕದ ಸರಣಿ ಕೊಲೆಗಾರ ಗ್ಯಾರಿ ರಿಡ್ಜ್‌ವೇ ಬಗ್ಗೆ ಒಂದೆರಡು ವಿಡಿಯೊ ನೋಡಿದೆ. ಅವನು ಮಹಾ ಬುದ್ಧಿವಂತ, ಪೊಲೀಸರಿಗೇ ಚಳ್ಳೆಹಣ್ಣು ತಿನ್ನಿಸಿದ ಅಂತೆಲ್ಲ ಹೇಳ್ತಾರೆ. ಹೆಣಗಳು ಸಿಗೋಕೆ ಶುರುವಾಗಿದ್ದು 1982ರಲ್ಲಿ, ಬಂಧನ ಆಗಿದ್ದು 2001ರಲ್ಲಿ. ಲಾರಿಗೆ ಬಣ್ಣ ಹೊಡೆಯೋ ಒಬ್ಬ ಮನುಷ್ಯ ನಿಜಕ್ಕೂ ಅಷ್ಟು ಚಾಲಾಕಿ ಇದ್ದನಾ? ತಿಳಿದವರು ಹೇಳಿ.

ಕೆಂಟ್_ಕನ್ನಡಿಗ:
ಸಹನಾ ಅವರೇ, ಆ ಬುದ್ಧಿವಂತಿಕೆಯ ಕಥೆಯನ್ನ ದಯವಿಟ್ಟು ನಂಬಬೇಡಿ. ನಾನಿರೋದು ವಾಷಿಂಗ್ಟನ್ ರಾಜ್ಯದ ಕೆಂಟ್‌ನಲ್ಲಿ. 1982ರ ಜುಲೈನಲ್ಲಿ 16 ವರ್ಷದ ಹುಡುಗಿಯ ಹೆಣ ಗ್ರೀನ್ ರಿವರ್ ನದಿಯಲ್ಲಿ ತೇಲಿಬಂದಿದ್ದು ಇಲ್ಲಿನ ಮೀಕರ್ ಸ್ಟ್ರೀಟ್ ಸೇತುವೆ ಹತ್ತಿರ. ಆಗಸ್ಟ್‌ನಲ್ಲಿ ಅದೇ ನದಿಯಲ್ಲಿ, ದಡದಲ್ಲಿ ಇನ್ನೂ ನಾಲ್ವರು ಸಿಕ್ಕರು.

ರಿಡ್ಜ್‌ವೇ ಓದಿನಲ್ಲಿ ತೀರಾ ಹಿಂದೆ, ಬುದ್ಧಿಮಟ್ಟವೂ ಸರಾಸರಿಗಿಂತ ಕಡಿಮೆ. ಅವನಿಗೆ ಗೊತ್ತಿದ್ದದ್ದು ಒಂದೇ, ಯಾರು ಕಾಣೆಯಾದರೆ ಯಾರೂ ಬೇಗ ಹುಡುಕೋದಿಲ್ಲ ಅನ್ನೋದು. ಸೀಟ್ಯಾಕ್ ವಿಮಾನ ನಿಲ್ದಾಣದ ಪಕ್ಕದ ಪೆಸಿಫಿಕ್ ಹೈವೇಯಲ್ಲಿ ನಿಲ್ಲುತ್ತಿದ್ದ, ಮನೆ ಬಿಟ್ಟು ಬಂದ ಹುಡುಗಿಯರನ್ನೇ ಆರಿಸಿಕೊಂಡ. ಕೋರ್ಟಿಗೆ ಕೊಟ್ಟ ಹೇಳಿಕೆಯಲ್ಲಿ ಅವನೇ ಇದನ್ನ ಒಪ್ಪಿಕೊಂಡಿದ್ದಾನೆ.

1983ರ ಒಂದು ಘಟನೆ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ. ಏಪ್ರಿಲ್ 30ರ ರಾತ್ರಿ 18 ವರ್ಷದ ಹುಡುಗಿಯೊಬ್ಬಳು ಪಿಕಪ್ ಹತ್ತಿದಳು. ಅವಳ ಗೆಳೆಯ ಕಾರಲ್ಲಿ ಹಿಂದೆಯೇ ಹೋದ, ಸಿಗ್ನಲ್ ಬಿದ್ದು ಗಾಡಿ ಕಣ್ತಪ್ಪಿತು. ಆಮೇಲೆ ಅವನೂ ಹುಡುಗಿಯ ಅಪ್ಪನೂ ಬೀದಿ ಬೀದಿ ಅಲೆದು, ಅದೇ ಪಿಕಪ್ ನಿಂತಿದ್ದ ಮನೆ ಪತ್ತೆ ಮಾಡಿ ಪೊಲೀಸರನ್ನ ಕರೆಸಿದರು. ಅದು ರಿಡ್ಜ್‌ವೇ ಮನೆಯೇ! ಹುಡುಗಿ ಪರಚಿದ ಗಾಯ ಅವನ ತೋಳ ಮೇಲಿತ್ತು. "ಇಲ್ಲಿ ಯಾವ ಹುಡುಗಿಯೂ ಇಲ್ಲ" ಅಂದ, ಪೊಲೀಸರು ನಂಬಿ ವಾಪಸ್ ಹೋದರು. ಆ ಗಾಯದ ಗುರುತು ಕಾಣಬಾರದು ಅಂತ ಬ್ಯಾಟರಿ ಆಸಿಡ್ ಹಾಕಿ ಸುಟ್ಟುಕೊಂಡ. ಅವಳ ಅಸ್ಥಿ ಮನೆಯವರಿಗೆ ಸಿಕ್ಕಿದ್ದು 2003ರಲ್ಲಿ. ಆ ಅಪ್ಪ ಕೊಲೆಗಾರನ ಮನೆ ಬಾಗಿಲಿಗೇ ಪೊಲೀಸರನ್ನ ಕರ್ಕೊಂಡು ಹೋಗಿದ್ದರು, ನೋಡಿ. ಇದರಲ್ಲಿ ಹಂತಕನ ಜಾಣತನ ಎಲ್ಲಿದೆ?

ಮಾಲತಿ_ಲ್ಯಾಬ್:
ಕೆಂಟ್ ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಮುಂದೆ ಅವನನ್ನ ಹಿಡಿದದ್ದೂ ಅದೇ ತನಿಖೆಯವರ ತಾಳ್ಮೆ. 1984ರಲ್ಲಿ ಸುಳ್ಳುಪತ್ತೆ ಪರೀಕ್ಷೆಯಲ್ಲಿ ಅವನು ಪಾಸಾಗಿಬಿಟ್ಟ (ಆ ಯಂತ್ರವನ್ನ ಅಷ್ಟು ನಂಬಬಾರದಿತ್ತು). ಆದರೂ 1987ರ ಏಪ್ರಿಲ್‌ನಲ್ಲಿ ಮನೆ ಶೋಧಿಸಿದಾಗ ಗಾಯಕ್ಕೆ ಕಟ್ಟೋ ಜಾಳು ಬಟ್ಟೆಯ (gauze) ಒಂದು ತುಂಡು ಕಚ್ಚಿಸಿ ಎಂಜಲು ತೆಗೆದಿಟ್ಟರು. ಹೆಣಗಳ ಮೇಲೆ ಸಿಕ್ಕಿದ್ದ ವೀರ್ಯದ ಅಂಶ ತೀರಾ ಕಡಿಮೆ ಇತ್ತು, ಆಗಿನ ಡಿಎನ್‌ಎ ವಿಧಾನಕ್ಕೆ ಅದು ಸಾಲುತ್ತಿರಲಿಲ್ಲ. ಅವಸರಪಟ್ಟು ಪರೀಕ್ಷೆ ಮಾಡಿದ್ದರೆ ಮಾದರಿ ಮುಗಿದೇ ಹೋಗ್ತಿತ್ತು. ಅಣುವಿನಷ್ಟನ್ನೂ ನಕಲು ಮಾಡಿ ಹೆಚ್ಚಿಸೋ ಪಿಸಿಆರ್ ವಿಧಾನ ಪಕ್ವವಾದ ಮೇಲೆ, 2001ರಲ್ಲಿ ಎಂಜಲು ತಾಳೆಯಾಯಿತು. ನವೆಂಬರ್ 30ಕ್ಕೆ ಬಂಧನ.

ನನಗೆ ಇನ್ನೂ ಮುಖ್ಯ ಅನ್ನಿಸೋದು ಬಣ್ಣದ ಸಾಕ್ಷ್ಯ. ಡಿಎನ್‌ಎ ಸಿಗದ ಕೆಲವರ ಬಟ್ಟೆಯಲ್ಲಿ ಮೈಕ್ರೋಸ್ಕೋಪಿಗಷ್ಟೇ ಕಾಣೋ ಸ್ಪ್ರೇ ಪೇಂಟಿನ ಗೋಲಿಗಳಿದ್ದವು. ಕೆನ್ವರ್ತ್ ಲಾರಿ ಕಾರ್ಖಾನೆಯಲ್ಲಿ ಅವನು ಹೊಡೆಯುತ್ತಿದ್ದ ಬಣ್ಣಕ್ಕೆ ಅವು ಹೊಂದಿದವು. ಇದರಿಂದಲೇ ಇನ್ನೂ 3 ಕೊಲೆಗಳ ಆರೋಪ ಸೇರಿತು.

ಸಹನಾ_ಹಾಸನ:
ಇಬ್ಬರಿಗೂ ಧನ್ಯವಾದ. ಇಷ್ಟೆಲ್ಲ ಸಾಕ್ಷಿ ಇದ್ದೂ ಗಲ್ಲು ಯಾಕೆ ಆಗಲಿಲ್ಲ?

ಕೆಂಟ್_ಕನ್ನಡಿಗ:
ಒಪ್ಪಂದ ಆಯಿತು. ಸಾಕ್ಷಿ ಇದ್ದದ್ದು 7 ಕೊಲೆಗಳಿಗೆ ಮಾತ್ರ. ಉಳಿದವರ ಗತಿ ಏನಾಯಿತು ಅಂತ ತಿಳಿಯಬೇಕಾದರೆ ಅವನ ಬಾಯೇ ಬಿಡಿಸಬೇಕಿತ್ತು. ಮರಣದಂಡನೆ ಕೇಳೋದಿಲ್ಲ ಅಂತ ಸರ್ಕಾರಿ ವಕೀಲರು ಒಪ್ಪಿದರು. ಅವನು ಪತ್ತೇದಾರರನ್ನ ಕಾಡು, ಕಮರಿ ಸುತ್ತಿಸಿ ಜಾಗ ತೋರಿಸಿದ. 2003ರ ನವೆಂಬರ್ 5ರಂದು 48 ಕೊಲೆ ಒಪ್ಪಿಕೊಂಡ, 2011ರಲ್ಲಿ ಇನ್ನೊಂದು ಸೇರಿ 49. ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆ.

ಇದಕ್ಕೆ ಬೇಸರಪಟ್ಟ ಕುಟುಂಬಗಳೂ ಇದ್ದವು. ನಾನಂತೂ ಒಪ್ಪಂದದ ಪರ. ಮಗಳ ಮೂಳೆಯಾದರೂ ಸಿಗಲಿ ಅಂತ ವರ್ಷಗಟ್ಟಲೆ ಕಾದವರಿಗೆ ಅವನ ಸಾವಿಗಿಂತ ಅದು ದೊಡ್ಡದು. ಹೆಸರೇ ಗೊತ್ತಿಲ್ಲದೆ ಉಳಿದವರೂ ಇದ್ದರು. 1984ರಲ್ಲಿ ಸಿಕ್ಕಿದ್ದ ಒಂದು ಅಸ್ಥಿ ಡೆನ್ವರ್‌ನಿಂದ ಓಡಿಬಂದಿದ್ದ 14 ವರ್ಷದ ಹುಡುಗಿಯದು ಅಂತ ಗೊತ್ತಾಗಿದ್ದು 2021ರಲ್ಲಿ, ವಂಶವೃಕ್ಷದ ಡಿಎನ್‌ಎ ಹೋಲಿಕೆಯಿಂದ. ವಿಡಿಯೊ ಮಾಡೋರು ಅವನ ಜಾಣತನದ ಬದಲು ಇಂಥದ್ದನ್ನ ಹೇಳಲಿ.